ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಅಮೆರಿಕದ ಕಾಲೇಜು ಕ್ರೀಡೆ ಕೆಟ್ಟು ಕೆರ ಹಿಡಿದುಹೋಯ್ತು ಅಂತ ಈಗ ಎಲ್ಲರ ಗೋಳು. ಟೀವಿ ಸ್ಟುಡಿಯೋದಲ್ಲಿ ಕೂತ ಮಾಜಿ ಆಟಗಾರರು ಗೋಳಾಡ್ತಾರೆ, ಕೋಚ್‌ಗಳು ಗೋಳಾಡ್ತಾರೆ, ಸೆನೆಟರ್‌ಗಳೂ ಬಿಟ್ಟಿಲ್ಲ. ಕಾರಣ ಏನಪ್ಪಾ ಅಂದ್ರೆ ಎಲ್ಲರ ಉತ್ತರವೂ ಒಂದೇ. ಹುಡುಗರ ಕೈಗೆ ದುಡ್ಡು ಬಂತು, ನಿಯತ್ತು ಹೋಯ್ತು. ಹತ್ತೊಂಬತ್ತು ವರ್ಷದ ಹುಡುಗ ಈ ವರ್ಷ ಇಲ್ಲಿ, ಬರೋ ವರ್ಷ ಅಲ್ಲಿ, ಹೆಚ್ಚು ಕೊಟ್ಟವರ ಕಡೆ. ಹಿಂಗಾದ್ರೆ ಅಭಿಮಾನಿ ಯಾರನ್ನ ನಂಬ್ಕೊಂಡು ಕೂಗಬೇಕು?

ಈ ಆಟಗಳನ್ನು ವರ್ಷಾನುಗಟ್ಟಲೆ ನೋಡಿಕೊಂಡು ಬಂದಿರೋ ಅಭಿಮಾನಿಯಾಗಿ ಹೇಳ್ತೀನಿ: ರೋಗ ಇರೋದು ನಿಜ. ಆದರೆ ಇವರು ಹೇಳ್ತಿರೋ ರೋಗ ಅದಲ್ಲ, ಕೊಡ್ತಿರೋ ಮದ್ದಂತೂ ರೋಗಿಗಲ್ಲವೇ ಅಲ್ಲ.

ಊರಲ್ಲಿ ಕೂತು ಓದ್ತಿರೋರಿಗೆ ಮೊದಲು ಇದರ ಗಾತ್ರ ಹೇಳಬೇಕು. ಕಾಲೇಜು ಆಟ ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಅಂತರ ಕಾಲೇಜು ವಾಲಿಬಾಲು, ಪ್ರಿನ್ಸಿಪಾಲರ ಭಾಷಣ, ಸ್ಟೀಲಿನ ಕಪ್ಪು. ಇಲ್ಲಿ ಹಾಗಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ನಮ್ಮ ಚಿನ್ನಸ್ವಾಮಿಯಂಥ ಎರಡು ಸ್ಟೇಡಿಯಂ ತುಂಬಿಸಿ ಇನ್ನೂ ಜನ ಮಿಗ್ತಾರೆ. ಶನಿವಾರ ಕಾಲೇಜು ಫುಟ್‌ಬಾಲು, ಭಾನುವಾರ ವೃತ್ತಿಪರರ ಎನ್‌ಎಫ್‌ಎಲ್. ಎಷ್ಟೋ ಊರುಗಳಲ್ಲಿ ಶನಿವಾರವೇ ದೊಡ್ಡ ಹಬ್ಬ.

ಅದಕ್ಕೊಂದು ಕಾರಣ ಇದೆ. ವೃತ್ತಿಪರ ತಂಡಕ್ಕೆ ಮಾಲೀಕ ಅಂತ ಒಬ್ಬ ಇರ್ತಾನೆ, ಅವನಿಗೆ ಮನಸ್ಸು ಬಂದ್ರೆ ತಂಡ ಊರು ಬಿಡುತ್ತೆ. ಓಕ್ಲೆಂಡ್ ಊರನ್ನೇ ನೋಡಿ. ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ 2019ರಲ್ಲಿ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಯ್ತು. 2020ರಲ್ಲಿ ಫುಟ್‌ಬಾಲಿನ ರೈಡರ್ಸ್ ಲಾಸ್ ವೇಗಸ್‌ಗೆ ಹೊರಟಿತು. 2024 ಮುಗಿಯುತ್ತಲೇ ಬೇಸ್‌ಬಾಲಿನ ಎ'ಸ್ ಕೂಡ ಗಂಟುಮೂಟೆ ಕಟ್ಟಿತು. ಐದೇ ವರ್ಷದಲ್ಲಿ ಮೂರು ತಂಡ ಖಾಲಿ. ವಿಶ್ವವಿದ್ಯಾಲಯ ಹಾಗೆ ಊರು ಬಿಡೋಕಾಗಲ್ಲ. ಲೈಬ್ರರಿ ಅಲ್ಲೇ ಇರುತ್ತೆ, ಆಸ್ಪತ್ರೆ ಅಲ್ಲೇ ಇರುತ್ತೆ, ಅಪ್ಪ ಓದಿದ ಹಾಸ್ಟೆಲ್ಲಿನ ಎದುರಿಗೇ ಮಗಳು ಓದ್ತಾಳೆ. ಜನ ಆ ನಂಬಿಕೆ ಮೇಲೆ ಅಂಗಿ ಕೊಂಡರು, ಬಣ್ಣ ಬಳ್ಕೊಂಡರು.

ಈ ನಂಬಿಕೆ ಮುರಿದವರು ಯಾರು ಅನ್ನೋದು ನನ್ನ ಪ್ರಶ್ನೆ. ಹುಡುಗರಂತೂ ಅಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸಿಬಿಡೋಣ. 'ಸ್ಟೂಡೆಂಟ್ ಅಥ್ಲೀಟ್' ಅನ್ನೋ ಮುದ್ದಾದ ಪದ ಕೇಳಿದ್ದೀರಲ್ಲ? ಅದು ಸರಸ್ವತಿಯ ಮೇಲಿನ ಭಕ್ತಿಯಿಂದ ಹುಟ್ಟಿದ್ದಲ್ಲ. 1955ರಲ್ಲಿ ಕೊಲರಾಡೋದ ಒಂದು ಕಾಲೇಜಿನ ಆಟಗಾರ ಮೈದಾನದಲ್ಲಿ ತಲೆಗೆ ಪೆಟ್ಟುಬಿದ್ದು ತೀರಿಕೊಂಡ. ಕೆಲಸ ಮಾಡ್ತಾ ಸತ್ತ ನೌಕರನಿಗೆ ಸಿಗೋ ಪರಿಹಾರ ನನಗೂ ಬೇಕು ಅಂತ ಅವನ ಹೆಂಡತಿ ಕೇಳಿದಳು. ಅವನು ನೌಕರನಲ್ಲ ಅಂತ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ಕೈ ಆಡಿಸಿತು. ಇಂಥ ಕೇಸುಗಳಿಂದ ತಪ್ಪಿಸಿಕೊಳ್ಳೋದಕ್ಕೇ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ಈ ಪದವನ್ನು ಚಾಲ್ತಿಗೆ ತಂದದ್ದು. ಆತನೇ ನಿವೃತ್ತಿಯ ನಂತರ ಈ ವ್ಯವಸ್ಥೆಯನ್ನ ಬೈದು ಒಂದು ಪುಸ್ತಕ ಬರೆದ.

ಆಮೇಲೆ ಎಡ್ ಓ'ಬ್ಯಾನನ್ ಕಥೆ. 1995ರಲ್ಲಿ ಯುಸಿಎಲ್‌ಎಗೆ ಬ್ಯಾಸ್ಕೆಟ್‌ಬಾಲ್ ಪ್ರಶಸ್ತಿ ಗೆದ್ದುಕೊಟ್ಟವನು. ವರ್ಷಗಳ ನಂತರ ಸ್ನೇಹಿತನ ಮನೆಯಲ್ಲಿ ಒಂದು ವಿಡಿಯೋ ಗೇಮ್ ನೋಡ್ತಾನೆ, ಅದರೊಳಗೆ ಓಡಾಡ್ತಿರೋನು ತಾನೇ! ಅದೇ ಎತ್ತರ, ಅದೇ ನಂಬರು, ಅದೇ ಎಡಗೈ. ಇವನಿಗೆ ಮಾತ್ರ ಚಿಲ್ಲರೆ ಕಾಸಿಲ್ಲ. 2009ರಲ್ಲಿ ಕೋರ್ಟಿಗೆ ಹೋದ. ಆ ಕಾಲದಲ್ಲೇ ಒಹಾಯೋ ಸ್ಟೇಟ್ ಹುಡುಗರು ತಮ್ಮದೇ ಜೆರ್ಸಿ, ಪದಕ ಕೊಟ್ಟು ಹಚ್ಚೆ ಹಾಕಿಸ್ಕೊಂಡದ್ದು ರಾಷ್ಟ್ರೀಯ ಹಗರಣ ಆಯ್ತು. ರೆಜಿ ಬುಷ್ 2010ರಲ್ಲಿ ಹೈಸ್‌ಮನ್ ಪ್ರಶಸ್ತಿಯನ್ನೇ ವಾಪಸ್ ಕೊಡಬೇಕಾಯ್ತು. ಹದಿನಾಲ್ಕು ವರ್ಷದ ಮೇಲೆ, 2024ರಲ್ಲಿ, ಅದನ್ನ ಅವನಿಗೇ ಹಿಂತಿರುಗಿಸಿದರು. ಅಷ್ಟರಲ್ಲಿ ಅವನು ಮಾಡಿದ್ದು ಅಪರಾಧವಾಗಿ ಉಳಿದೇ ಇರಲಿಲ್ಲ.

ಏಕೆಂದರೆ 2021ರಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಎನ್‌ಸಿಎಎಗೆ ವಿರುದ್ಧವಾಗಿ ನಿಂತರು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಬಹುದು ಅಂತಾಯ್ತು. 2025ರ ಜೂನ್ 6ರಂದು ಹೌಸ್ ಪ್ರಕರಣದ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟರು. ಹಿಂದಿನ ಬಾಕಿಗೆ ಸುಮಾರು 280 ಕೋಟಿ ಡಾಲರ್. ಇನ್ನು ಮುಂದೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಸಂಬಳ ಕೊಡಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್.

ದೊಡ್ಡ ಮೊತ್ತ ಅನ್ನಿಸುತ್ತೆ. ಆದರೆ ಅದು ದೊಡ್ಡ ವಿ.ವಿ.ಗಳ ಮುಖ್ಯ ಕ್ರೀಡಾ ಆದಾಯದ ಸರಾಸರಿಯಲ್ಲಿ ಶೇ. 22 ಮಾತ್ರ. ಎನ್‌ಎಫ್‌ಎಲ್ ಆಟಗಾರರಿಗೆ ಸಿಗೋದು ಲೀಗಿನ ಆದಾಯದ ಹತ್ತಿರ ಹತ್ತಿರ ಅರ್ಧ, ಯಾಕಂದ್ರೆ ಅವರಿಗೆ ಯೂನಿಯನ್ ಇದೆ. ಹಾಗಾಗಿ ಹುಡುಗರು ದುರಾಸೆ ಪಟ್ಟರು ಅನ್ನೋರು ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಲಿ.

ಸರಿ, ನಿಯತ್ತಿನ ಮಾತು? ಟೆನೆಸೀಯ ಕ್ವಾರ್ಟರ್‌ಬ್ಯಾಕ್ ನಿಕೋ ಯಾಮಲೆಯಾವಾ 2025ರ ಏಪ್ರಿಲ್‌ನಲ್ಲಿ, ಒಪ್ಪಂದದ ತಕರಾರಿನ ಸುದ್ದಿಗಳ ನಡುವೆ, ತಂಡ ಬಿಟ್ಟು ಯುಸಿಎಲ್‌ಎ ಸೇರಿದಾಗ ದೇಶವೇ ಅವನನ್ನ ಹರಿದು ತಿಂದಿತು. ಅವನು ಮಾಡಿದ್ದು ನನಗೂ ಹಿಡಿಸಲಿಲ್ಲ. ಆದರೆ ಅದೇ ವರ್ಷ ನವೆಂಬರ್ 30ಕ್ಕೆ ಏನಾಯ್ತು? ಓಲ್ ಮಿಸ್ ತಂಡ 12ರಲ್ಲಿ 11 ಗೆದ್ದು ಪ್ಲೇಆಫ್ ಹೊಸ್ತಿಲಲ್ಲಿ ನಿಂತಿತ್ತು. ಅದರ ಕೋಚ್ ಲೇನ್ ಕಿಫಿನ್ ಅದೇ ಕಾನ್ಫರೆನ್ಸಿನ ಎದುರಾಳಿ ಎಲ್‌ಎಸ್‌ಯುಗೆ ಹೊರಟರು. ಮದುವೆ ಮಂಟಪದಿಂದ ಪುರೋಹಿತರು ಪಕ್ಕದ ಛತ್ರಕ್ಕೆ ಹೊರಟ ಹಾಗೆ. ಎಲ್‌ಎಸ್‌ಯು ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಹಳೇ ಕೋಚನ್ನು ಕಿತ್ತುಹಾಕಿತ್ತು, ಅವರ ಒಪ್ಪಂದದಲ್ಲಿದ್ದ ಪರಿಹಾರ 5 ಕೋಟಿ ಡಾಲರ್ ಮೀರಿದ್ದು. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೋ ಫಿಷರನ್ನು ಮನೆಗೆ ಕಳಿಸೋದಕ್ಕೆ 7.5 ಕೋಟಿ ಡಾಲರಿಗಿಂತ ಹೆಚ್ಚು ಕೊಡಲು ಒಪ್ಪಿತು. ಕೆಲಸ ಮಾಡಬೇಡ ಅನ್ನೋದಕ್ಕೆ ಅಷ್ಟು! ಅನೇಕ ರಾಜ್ಯಗಳಲ್ಲಿ ಸರಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳದವರು ಗವರ್ನರ್ ಅಲ್ಲ, ಫುಟ್‌ಬಾಲ್ ಕೋಚು. ಇವರೆಲ್ಲ ಸೇರಿ ಹುಡುಗರಿಗೆ ನಿಯತ್ತಿನ ಪಾಠ ಮಾಡ್ತಾರೆ.

ನನ್ನ ಮಟ್ಟಿಗೆ ಅಸಲಿ ಪಾಪ ಇದೂ ಅಲ್ಲ, ಕಾನ್ಫರೆನ್ಸ್‌ಗಳನ್ನು ಒಡೆದದ್ದು. ಕಾನ್ಫರೆನ್ಸ್ ಅಂದ್ರೆ ಇಲ್ಲಿ ಸಮ್ಮೇಳನ ಅಲ್ಲ, ನೆರೆಹೊರೆಯ ವಿ.ವಿ.ಗಳು ತಮ್ಮತಮ್ಮಲ್ಲೇ ಆಡಿಕೊಳ್ಳೋ ಕೂಟ. ಬಸ್ಸಿನಲ್ಲಿ ಹೋಗಿ ಬರೋ ದೂರ, ತಲೆಮಾರಿನ ಹಗೆ. ಪಶ್ಚಿಮ ಕರಾವಳಿಯ ಪ್ಯಾಕ್-12ರ ಬೇರು 1915ರದ್ದು. 2022ರ ಜೂನ್‌ನಲ್ಲಿ ಯುಸಿಎಲ್‌ಎ ಮತ್ತು ಯುಎಸ್‌ಸಿ ಬಿಗ್ ಟೆನ್‌ಗೆ ಹೊರಟವು. ಎರಡು ತಿಂಗಳಲ್ಲಿ ಬಿಗ್ ಟೆನ್ ಟೀವಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ಮೀರಿದ ಒಪ್ಪಂದ ಪ್ರಕಟಿಸಿತು. ಮುಂದಿನ ವರ್ಷ ಉಳಿದವರೂ ಗೂಟ ಕಿತ್ತರು. ಹನ್ನೆರಡರಲ್ಲಿ ಹತ್ತು ಹೋಗಿ, ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ ಖಾಲಿ ಮನೆಯಲ್ಲಿ ಉಳಿದವು. ಬಿಗ್ ಟೆನ್‌ನಲ್ಲಿ ಈಗ ಹದಿನೆಂಟು ತಂಡ. ಪೆಸಿಫಿಕ್ ದಡದ ಸ್ಟ್ಯಾನ್‌ಫರ್ಡ್, ಬರ್ಕ್ಲಿಗಳು ಆಡೋದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನಲ್ಲಿ. ತಮಾಷೆ ಮಾಡ್ತಿಲ್ಲ, ಹೆಸರೇ ಅದು.

ಒರೆಗಾನ್ ಮತ್ತು ಒರೆಗಾನ್ ಸ್ಟೇಟ್ 1894ರಿಂದ ಆಡ್ತಾ ಬಂದಿರೋ ನೆರೆಯವರು. ಆ ಪಂದ್ಯ ಸಾಮಾನ್ಯವಾಗಿ ನವೆಂಬರಿನ ಕೊನೆಗೆ, ಚಳಿಯಲ್ಲಿ, ಸೀಸನ್ನಿನ ಲೆಕ್ಕ ಚುಕ್ತಾ ಆಗೋ ಹೊತ್ತಿಗೆ ಬರ್ತಿತ್ತು. 2024, 2025ರಲ್ಲಿ ಅದನ್ನ ಸೆಪ್ಟೆಂಬರಿಗೆ ತಳ್ಳಿದರು. ವಾಷಿಂಗ್ಟನ್ ರಾಜ್ಯದ ಇಬ್ಬರ ಪಂದ್ಯಕ್ಕೂ ಅದೇ ಗತಿ. ಈ ನಿರ್ಧಾರಗಳಲ್ಲಿ ಒಬ್ಬ ಆಟಗಾರನ ಸಹಿಯೂ ಇಲ್ಲ. ಸಹಿ ಹಾಕಿದವರು ಅಧ್ಯಕ್ಷರು, ಕ್ರೀಡಾ ನಿರ್ದೇಶಕರು, ಟೀವಿ ಕಂಪನಿಗಳು. ಊರು ಬಿಡೋಕಾಗದ ವಿಶ್ವವಿದ್ಯಾಲಯ ನೆರೆಯನ್ನು ಬಿಟ್ಟು ಹೋಯ್ತು.

ಈಗ ಬಿಲ್ಲು ಯಾರಿಗೆ ಬಂತು ನೋಡಿ. ಲಾಸ್ ಏಂಜಲಿಸ್‌ನಿಂದ ನ್ಯೂಜೆರ್ಸಿಯ ರಟ್ಗರ್ಸ್‌ಗೆ ವಿಮಾನದ ದಾರಿ ಕನ್ಯಾಕುಮಾರಿಯಿಂದ ಶ್ರೀನಗರಕ್ಕಿರೋ ದೂರಕ್ಕಿಂತ ಹೆಚ್ಚು. ಫುಟ್‌ಬಾಲ್ ತಂಡ ವಾರಕ್ಕೊಮ್ಮೆ ಆಡುತ್ತೆ, ಅಂಥ ಪ್ರಯಾಣ ವರ್ಷಕ್ಕೆ ಕೆಲವೇ. ವಾಲಿಬಾಲ್, ಸಾಕರ್ ಆಡೋ ಹುಡುಗಿಯರು ಅದೇ ದೂರವನ್ನ ವಾರದ ಮಧ್ಯದಲ್ಲೂ ಹಾರಿ ಬಂದು, ಬೆಳಿಗ್ಗೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ತೂಕಡಿಸಬೇಕು.

ಹೌಸ್ ರಾಜಿಯ ಬಾಕಿ ಹಣದಲ್ಲಿ ಸುಮಾರು ಶೇ. 90 ಹೋಗೋದು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲಿಗೆ. ಹೊಸ ಸಂಬಳ ಹಂಚೋವಾಗಲೂ ಹಲವರು ಹಿಡಿದಿರೋದು ಅದೇ ಅಳತೆಗೋಲು. 2024ರ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ಫೈನಲ್ ನೋಡಿದವರು ಸುಮಾರು 1.89 ಕೋಟಿ ಜನ, ಆ ವರ್ಷ ಪುರುಷರ ಫೈನಲ್ 1.5 ಕೋಟಿ ಮುಟ್ಟಲಿಲ್ಲ. ಆದರೂ ಹಂಚಿಕೆ ಹೀಗೆ. ಒಪ್ಪಿಗೆ ಸಿಕ್ಕ ಐದೇ ದಿನಕ್ಕೆ ಎಂಟು ಮಹಿಳಾ ಅಥ್ಲೀಟ್‌ಗಳು 1972ರ ಟೈಟಲ್ ನೈನ್ ಸಮಾನತೆಯ ಕಾನೂನು ಹಿಡಿದು ಮೇಲ್ಮನವಿ ಹಾಕಿದರು. ಸರಿಯಾಗೇ ಮಾಡಿದರು.

ಇನ್ನು ಈಜು. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ 2025ರ ಮಾರ್ಚ್‌ನಲ್ಲಿ ತನ್ನ ಈಜು ಮತ್ತು ಡೈವಿಂಗ್ ತಂಡಗಳನ್ನೇ ಮುಚ್ಚಿತು, ಕಾರಣಗಳಲ್ಲಿ ಈ ರಾಜಿಯನ್ನೂ ಹೆಸರಿಸಿತು. ವಿಪರ್ಯಾಸ ಏನು ಗೊತ್ತಾ? ಪ್ರಕರಣಕ್ಕೆ ಹೆಸರು ಬಂದದ್ದು ಗ್ರಾಂಟ್ ಹೌಸ್‌ನಿಂದ. ಅವನು ಅರಿಜೋನಾ ಸ್ಟೇಟ್‌ನ ಈಜುಗಾರ! ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿಗೆ ನಾಲ್ಕು ವೈಯಕ್ತಿಕ ಚಿನ್ನ ತಂದ ಲಿಯೋನ್ ಮಾರ್ಶಾನ್ ಕೂಡ ಪಳಗಿದ್ದು ಅದೇ ಅರಿಜೋನಾ ಸ್ಟೇಟ್ ಕೊಳದಲ್ಲಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರು ಅನ್ನೋ ಗಾದೆಯನ್ನ ಇಷ್ಟು ಅಕ್ಷರಶಃ ಪಾಲಿಸಿದವರನ್ನ ನಾನು ಕಂಡಿಲ್ಲ.

ಇದರಲ್ಲಿ ನಮ್ಮವರಿಗೇನು ಅಂತ ಕೇಳಬಹುದು. ಭಾರತದ ಹುಡುಗರಿಗೆ ಈ ವ್ಯವಸ್ಥೆಯ ಬಾಗಿಲು ತೆರೆದದ್ದು ಇಂಥ 'ದುಡ್ಡು ತರದ' ಆಟಗಳಲ್ಲೇ. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿ.ವಿ. ಪರವಾಗಿ 2007, 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದ, 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ತಂದ. ತೇಜಸ್ವಿನ್ ಶಂಕರ್ ಕ್ಯಾನ್ಸಸ್ ಸ್ಟೇಟ್‌ನಲ್ಲಿ ಓದ್ತಾ 2018, 2022ರಲ್ಲಿ ಹೈಜಂಪ್ ಗೆದ್ದ. ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಜಾಹೀರಾತಿನ ದುಡ್ಡು ಮುಟ್ಟೋದೇ ಕಷ್ಟ. ಅವರಿಗೆ ಸಿಗೋ ಲಾಭ ಅಂದ್ರೆ ಓದು, ಕೋಚು, ಕೊಳ, ಟ್ರ್ಯಾಕು. ಅದೂ ಮುಚ್ಚಿದ್ರೆ? ಇಲ್ಲಿನ ನಮ್ಮ ಕನ್ನಡ ಮನೆಗಳಲ್ಲೂ ಬೆಳಗಿನ ಜಾವ ಐದಕ್ಕೆ ಮಗಳನ್ನ ಈಜುಕೊಳಕ್ಕೆ ಬಿಟ್ಟು ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆಯೋ ಅಪ್ಪ ಅಮ್ಮಂದಿರು ಬೇಕಾದಷ್ಟಿದ್ದಾರೆ. ಅವರಿಗೂ ಇದು ದೂರದ ಸುದ್ದಿ ಅಲ್ಲ.

ಹಾಗಾದ್ರೆ ಏನು ಮಾಡಬೇಕು? ನನ್ನ ಲೆಕ್ಕ ಸರಳ. ದೊಡ್ಡ ಫುಟ್‌ಬಾಲನ್ನ ಪ್ರತ್ಯೇಕ ಮಾಡಿ. ಅದು ವೃತ್ತಿಪರ ಆಟ, ಟೀವಿಗೆ ಬೇಕಾದ ಹಾಗೆ ದೇಶ ಸುತ್ತಲಿ. ಉಳಿದ ಆಟಗಳೆಲ್ಲ ಬಸ್ಸಿನ ದೂರದ ಹಳೇ ಕೂಟಗಳಿಗೆ ವಾಪಸ್ ಬರಲಿ. ಪಶ್ಚಿಮ ಕರಾವಳಿಯ ಈಜುಗಾರ್ತಿ ನ್ಯೂಜೆರ್ಸಿಗೆ ಹೋಗಲೇಬೇಕಾದ ದರ್ದು ಏನೂ ಇಲ್ಲ.

ಎರಡನೇದು, ಆಟಗಾರರನ್ನ ನೌಕರರು ಅಂತ ಒಪ್ಪಿಕೊಂಡು ಎದುರು ಕೂತು ಮಾತಾಡಿ. ಹುಡುಗರು ವರ್ಷಕ್ಕೊಂದು ತಂಡ ಬದಲಿಸ್ತಾರೆ ಅನ್ನೋ ದೂರಿಗೂ ಪರಿಹಾರ ಅಲ್ಲೇ ಇದೆ. ಎರಡು ವರ್ಷದ ಒಪ್ಪಂದ, ಎರಡೂ ಕಡೆಗೆ ಕಟ್ಟುಪಾಡು. ವೃತ್ತಿಪರ ಲೀಗುಗಳು ಇದನ್ನ ಎಂದೋ ಕಲಿತಿವೆ. ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು 2024ರ ಮಾರ್ಚ್‌ನಲ್ಲಿ 13–2 ಮತಗಳಿಂದ ಯೂನಿಯನ್ ಬೇಕು ಅಂದರು. ವರ್ಷದ ಕೊನೆಗೆ, ಹೊಸ ಸರಕಾರದ ಕಾರ್ಮಿಕ ಮಂಡಳಿ ಎಲ್ಲರಿಗೂ ಕೇಡಾಗೋ ತೀರ್ಪು ಕೊಟ್ಟೀತು ಅನ್ನೋ ಅಂಜಿಕೆಯಲ್ಲಿ ಅರ್ಜಿ ವಾಪಸ್ ತಗೊಂಡರು. ವಿ.ವಿ.ಗಳು ಈಗ ಯೂನಿಯನ್ ಬೇಡ ಅಂತ ವಾಷಿಂಗ್ಟನ್ನಿನಲ್ಲಿ ವಿನಾಯಿತಿ ಕಾನೂನಿಗೆ ಬೇಡ್ತಿವೆ. ಎಪ್ಪತ್ತು ವರ್ಷದ ಹಿಂದಿನ ಪದವನ್ನೇ ಮತ್ತೆ ಬೆಳಗಿಸಿ ತೋರಿಸೋ ಯತ್ನ ಅದು.

ಮೂರನೇದು, ಈಜುಕೊಳ ಮುಚ್ಚೋ ಮೊದಲು ಒಂದು ನಿಯಮ ಇರಲಿ: ಕೋಚ್‌ಗಳ ವಿದಾಯದ ಪರಿಹಾರಕ್ಕೆ ಮಿತಿ ಹಾಕದೆ ಒಂದೇ ಒಂದು ತಂಡವನ್ನೂ ಮುಚ್ಚುವಂತಿಲ್ಲ. ಜಿಂಬೋ ಫಿಷರಿಗೆ ಸುಮ್ಮನಿರು ಅಂತ ಕೊಡೋ ದುಡ್ಡಿನ ಒಂದು ಪಾಲಿನಲ್ಲೇ ಎಷ್ಟು ಮಕ್ಕಳು ಎಷ್ಟು ವರ್ಷ ಈಜಬಹುದಿತ್ತು, ನೀವೇ ಗುಣಿಸಿ ನೋಡಿ.

ನೀವು ಯಾವುದಾದರೂ ಇಲ್ಲಿನ ವಿ.ವಿ.ಯ ಹಳೇ ವಿದ್ಯಾರ್ಥಿಯಾಗಿದ್ದರೆ ಕ್ರೀಡಾ ನಿಧಿಗೆ ಸಹಾಯ ಮಾಡಿ ಅಂತ ಕಾಗದ ಬಂದೇ ಬರುತ್ತೆ. ಕಸದಬುಟ್ಟಿಗೆ ಎಸೀಬೇಡಿ. ಉತ್ತರ ಬರೀರಿ, ಈ ಹಣ ಯಾವ ತಂಡಕ್ಕೆ ಹೋಗುತ್ತೆ, ಹೆಣ್ಣುಮಕ್ಕಳ ಪಾಲೆಷ್ಟು, ಮುಂದಿನ ವರ್ಷ ಯಾವ ತಂಡ ಮುಚ್ಚೋ ಯೋಚನೆ ಇದೆ ಅಂತ ಕೇಳಿ. ಉತ್ತರ ಬಂದಮೇಲೆ ಚೆಕ್ ಬರೆಯೋದೋ ಬೇಡವೋ ನಿಮಗೆ ಬಿಟ್ಟಿದ್ದು. ನಾನಂತೂ ಈಜು ತಂಡದ ಹೆಸರು ಬರೆದೇ ಕಳಿಸ್ತೀನಿ.