ಬಸದಿ ಊರಿಗೆ ಏನನ್ನು ಕೊಡುತ್ತದೆ?

ಬಾರಕೂರಿನ ಕುರಿತು ನಮ್ಮವರು ಬರೆಯುವ ಲೇಖನಗಳಲ್ಲಿ ಸಾಮಾನ್ಯವಾಗಿ ಎರಡು ಸ್ವರಗಳು ಕೇಳಿಬರುತ್ತವೆ. ಒಂದು ಶೋಕದ್ದು: ಆಳುಪರ ರಾಜಧಾನಿಯಾಗಿದ್ದ ಪಟ್ಟಣದಲ್ಲಿ ಕತ್ತಲೆ ಬಸದಿಯು ಜಿನಬಿಂಬವಿಲ್ಲದೆ, ಪೂಜೆಯಿಲ್ಲದೆ ನಿಂತಿದೆಯಲ್ಲಾ ಎಂಬುದು. ಇನ್ನೊಂದು ಲೆಕ್ಕದ್ದು: ಇಂದಿನ ಯಾವ ಯಾವ ದೇವಸ್ಥಾನಗಳು ಹಿಂದೆ ಬಸದಿಗಳಾಗಿದ್ದವು ಎಂದು ಎಣಿಸುವುದು. ಶೋಕವನ್ನು ಅರ್ಥಮಾಡಿಕೊಳ್ಳಬಹುದು. ಈ ಲೆಕ್ಕ ಮಾತ್ರ ಶ್ರಾವಕನಿಗೆ ಒಪ್ಪುವಂಥದಲ್ಲವೆಂದು ನನ್ನ ಅಭಿಪ್ರಾಯ.

ಕಾನೂನಿನ ದೃಷ್ಟಿಯಿಂದಲೂ ಅದು ನಿಷ್ಫಲವೇ. 1991ರ ಪೂಜಾಸ್ಥಳಗಳ ಕಾಯಿದೆಯು 1947ರ ಆಗಸ್ಟ್ 15ರಂದು ಇದ್ದ ಧಾರ್ಮಿಕ ಸ್ವರೂಪವನ್ನೇ ಉಳಿಸಿಕೊಳ್ಳಬೇಕೆಂದು ವಿಧಿಸಿತು. ಆ ಕಾಯಿದೆಯ ಸಿಂಧುತ್ವದ ವಿಚಾರಣೆಯ ನಡುವೆ, 2024ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯವು ಇಂತಹ ಹೊಸ ದಾವೆಗಳಿಗೆ ತಡೆಯೊಡ್ಡಿತು. ಆದರೆ ನಮಗೆ ಕಾಯಿದೆಗಿಂತ ಮೊದಲು ಪರಿಗ್ರಹ-ಪರಿಮಾಣ ವ್ರತವಿದೆ. ಹೊಲ, ಮನೆ, ಧನಧಾನ್ಯಗಳಿಗೆ ಮಿತಿ ಹಾಕಿಕೊಂಡ ಗೃಹಸ್ಥನು ಏಳೆಂಟು ಶತಮಾನಗಳ ಹಿಂದಿನ ಕಟ್ಟಡಗಳನ್ನೆಲ್ಲ ಮನಸ್ಸಿನಲ್ಲಿ ಕೂಡಿಟ್ಟುಕೊಂಡರೆ ಆ ವ್ರತಕ್ಕೆ ಉಳಿದ ಅರ್ಥವೇನು?

ಕುಂದಾಪುರದಿಂದ ಬ್ರಹ್ಮಾವರದವರೆಗೆ ಹೆದ್ದಾರಿಯಲ್ಲಿ ಬರುವವರು ಗಮನಿಸಬೇಕು. ಕುಂದಾಪುರದ ರೋಜರಿ ಮಾತೆಯ ಇಗರ್ಜಿಯ ಮೂಲ 1570ರಷ್ಟು ಹಳೆಯದು, ಪೋರ್ಚುಗೀಸರ ಕಾಲದ್ದು. ಅದೇ ಊರಿನಲ್ಲಿ ಕುಂದೇಶ್ವರನಿದ್ದಾನೆ. ಗಂಗೊಳ್ಳಿಯ ಬಂದರಿನಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿಗಳು ಒಂದೇ ಗಾಳಿಗೆ ಮುಖವೊಡ್ಡಿವೆ. ಬ್ರಹ್ಮಾವರದ ಸಂತ ಮೇರಿ ಕೆಥೆಡ್ರಲ್‌ನ ಕಥೆ ಇನ್ನೂ ವಿಚಿತ್ರ: ಗೋವೆಯ ಕಡೆಯ ಪಾದ್ರಿ ಆಲ್ವಾರಿಸರು 1889ರಲ್ಲಿ ಕೇರಳದ ಸಿರಿಯನ್ ಪರಂಪರೆಯಲ್ಲಿ ಬಿಷಪರಾದರು, ಅವರನ್ನೂ ಪಾದ್ರಿ ನೊರೊನ್ಹಾರನ್ನೂ ಅನುಸರಿಸಿದ ಕೊಂಕಣಿ ಮನೆಮಾತಿನ ಕ್ರೈಸ್ತರು ಕನ್ನಡದ ನೆಲದಲ್ಲಿ ಆರ್ಥೊಡಾಕ್ಸ್ ಸಭೆಯಾಗಿ ಉಳಿದರು. ಈಚೆಗೆ ತಾಲೂಕು ಕೇಂದ್ರಗಳಾದ ಬೈಂದೂರು, ಬ್ರಹ್ಮಾವರಗಳು ಇನ್ನು ಬೆಳೆಯುವ ಊರುಗಳು. ಇಂತಹ ಊರುಗಳಲ್ಲಿ ಬಸದಿಯೊಂದು ಯಾವ ರೀತಿಯಲ್ಲಿ ನಿಲ್ಲಬೇಕು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಸೌಹಾರ್ದದ ಸಭೆಗಳಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ಬಹಳ ಸಿಹಿಯಾದುದು: ನಮ್ಮ ಹಿರಿಯರು ಅಣ್ಣತಮ್ಮಂದಿರಂತೆ ಬಾಳಿದರು, ನಾವೂ ಬಾಳೋಣ. ಶಾಸನಗಳು ಇಷ್ಟು ಸಿಹಿಯಾಗಿಲ್ಲ. ಬಾರಕೂರು ವಿಜಯನಗರದ ಒಂದು ರಾಜ್ಯದ ಕೇಂದ್ರವಾಗಿದ್ದ ದಿನಗಳಲ್ಲಿಯೇ, 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವೆದ್ದು ಬುಕ್ಕರಾಯನ ಮುಂದೆ ಹೋಯಿತು. ಶ್ರವಣಬೆಳಗೊಳದ ಶಾಸನವು ಅವನ ತೀರ್ಪನ್ನು ತಿಳಿಸುತ್ತದೆ. ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದರ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ಪ್ರತಿಯೊಂದು ಜೈನ ಮನೆಯೂ ವರ್ಷಕ್ಕೆ ಒಂದು ಹಣ ಕೊಡತಕ್ಕದ್ದು. ಅದನ್ನು ಸಂಗ್ರಹಿಸುವವನು ತಿರುಮಲೆಯ ತಾತಯ್ಯ, ಎಂದರೆ ವೈಷ್ಣವ. ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇಡತಕ್ಕದ್ದು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಜಗಳವಾಡಿದವರ ಕೈಗೇ ನಮ್ಮ ಬಸದಿಗಳ ಸುಣ್ಣದ ಖರ್ಚನ್ನು ಒಪ್ಪಿಸಿದ ಈ ಏರ್ಪಾಡು ನನಗೆ ಎಲ್ಲ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಪ್ರೀತಿಯಿತ್ತೋ ಇಲ್ಲವೋ, ಲೆಕ್ಕಪತ್ರವಿತ್ತು. ಅನ್ಯರಿಗೆ ಬಸದಿಯಲ್ಲಿ ಒಂದು ಕೆಲಸವಿತ್ತು.

ಇಂದಿನ ಜೀರ್ಣೋದ್ಧಾರಗಳನ್ನು ಈ ಅಳತೆಗೋಲಿನಿಂದ ನೋಡಿದರೆ ಖೇದವಾಗುತ್ತದೆ. ಕರಾವಳಿಯ ಹಳೆಯ ಬಸದಿಯು ಮಳೆನಾಡಿನ ಮನೆಯ ಬಂಧು. ಇಳಿಜಾರಾದ ಕಲ್ಲುಚಪ್ಪಡಿಯ ಮಾಡು, ಮುರಕಲ್ಲಿನ ಗೋಡೆ, ದಾರಿಹೋಕನು ಮಳೆ ನಿಲ್ಲುವವರೆಗೆ ಕುಳಿತುಕೊಳ್ಳಬಹುದಾದ ಜಗಲಿ. ಮಾನಸ್ತಂಭವಂತೂ ಹೊರಗೇ ನಿಲ್ಲುವುದು. ಅದನ್ನು ಕಂಡವನ ಮಾನ, ಎಂದರೆ ಗರ್ವ, ಕರಗಬೇಕೆಂಬುದು ಅದರ ಆಶಯ. ಒಳಗೆ ಬಾರದವನಿಗೂ ಅದು ಕಾಣಿಸಬೇಕಲ್ಲವೇ? ಈಗಲಾದರೋ ಎತ್ತರದ ಆವರಣ, ಕಬ್ಬಿಣದ ಗೇಟು, ನುಣುಪಾದ ಗ್ರಾನೈಟು, ದಾನಿಗಳ ಹೆಸರಿನ ಫಲಕ. ಆಡಳಿತ ಮಂಡಳಿಯವರನ್ನು ಕೇಳಿದರೆ ಇದು ಧರ್ಮಪ್ರಭಾವನೆ ಎನ್ನುತ್ತಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಭಾವನೆಯನ್ನು ಹೇಳುವಾಗ ಅಜ್ಞಾನದ ಕತ್ತಲೆಯನ್ನು ಕಳೆಯುವುದನ್ನು ಮುಂದಿಡುತ್ತಾರೆ. ಗ್ರಾನೈಟಿನ ಹೊಳಪಿಗೆ ಅಲ್ಲಿ ಸ್ಥಾನವಿಲ್ಲ. ಪಂಚಲೋಹದ ಬಿಂಬಗಳ ಕಳವಿನ ಭಯ ನಿಜವಾದುದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೀಗ ಗರ್ಭಗೃಹಕ್ಕೆ ಸಾಕು, ಜಗಲಿಗೇಕೆ?

ಸಮವಸರಣದ ವರ್ಣನೆಯನ್ನು ಬಾಲ್ಯದಿಂದಲೂ ಕೇಳಿದ್ದೇವೆ. ಅಲ್ಲಿಯ ಹನ್ನೆರಡು ಕೋಷ್ಠಗಳಲ್ಲಿ ದೇವ ಮನುಷ್ಯರ ಜೊತೆಗೆ ಪಶುಗಳಿಗೂ ಒಂದು. ಅದರ ಅನುಕೃತಿಯೆನಿಸಿದ ಬಸದಿಯಲ್ಲಿ ನೆರೆಮನೆಯ ಮೊಗವೀರನಿಗೆ, ಬ್ಯಾರಿಗೆ, ಕ್ರೈಸ್ತನಿಗೆ ಕೋಷ್ಠ ಎಲ್ಲಿ ಎಂದು ನಕ್ಷೆ ಬರೆಯುವ ದಿನವೇ ಕೇಳಿಕೊಳ್ಳಬೇಡವೇ? ಪೂಜಾವಿಧಿಯನ್ನು ಸಡಿಲಿಸಿರೆಂದು ನಾನು ಹೇಳುತ್ತಿಲ್ಲ. ಬಾವಿಯ ನೀರು, ಓದುವ ಕೋಣೆ, ನೆರಳು: ಇವು ವಿಧಿಗೆ ಅಡ್ಡಿಯಾಗವು. ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆಯವರ ಮನೆತನ, ವೈಷ್ಣವ ಅರ್ಚಕರು, ಮಂಜುನಾಥನ ಸನ್ನಿಧಿ ಒಂದೇ ಆಡಳಿತದಲ್ಲಿ ನಡೆದುಬಂದಿರುವಾಗ ಒಂದು ಜಗಲಿಗಾಗಿ ನಾವು ಅಂಜುವುದು ಅಂದವಲ್ಲ.

ಇನ್ನು ಕತ್ತಲೆ ಬಸದಿ. ಅಲ್ಲಿ ಬಿಂಬವನ್ನು ಮತ್ತೆ ಪ್ರತಿಷ್ಠಾಪಿಸಬೇಕೆಂದು ಬಯಸುವವರು ನಮ್ಮಲ್ಲಿದ್ದಾರೆ. ಆ ಬಯಕೆಯನ್ನು ಬದಿಗಿಟ್ಟು, ಮೊದಲು ಅಲ್ಲಿಯ ಶಾಸನಗಳ ಸಾರವನ್ನು ತಿಳಿಗನ್ನಡದಲ್ಲಿ ಬರೆಸಿ ನಿಲ್ಲಿಸಲು ಇಲಾಖೆಯನ್ನು ಕೇಳೋಣ. ಮುಂಗಾರಿಗೆ ಮುನ್ನ ಹುಲ್ಲು ಹಾವಸೆ ತೆಗೆಸಲು ಮನೆಗೆ ವರ್ಷಕ್ಕಿಷ್ಟು ಎಂದು ಕೊಡೋಣ; ಆ ಹಣದ ಲೆಕ್ಕವನ್ನು ಬಾರಕೂರಿನ ಎಲ್ಲ ಕೇರಿಗಳವರೂ ಇರುವ ಒಂದು ಸಮಿತಿಯ ಕೈಯಲ್ಲಿಡೋಣ. ತಾತಯ್ಯನ ಕೆಲಸವನ್ನು ಮಾಡಬಲ್ಲ ಜೈನೇತರರೊಬ್ಬರು ಆ ಊರಿನಲ್ಲಿ ಸಿಗಲಾರರೆಂದು ನನಗನಿಸುವುದಿಲ್ಲ.