ಕೆಂಡವಾದ ನಳಿಕೆ, ನೀರೊಳಗಿನ ಬೆವರು

ಪೊಲೀಸರು ವಶಪಡಿಸಿಕೊಂಡ ಒಂದೇ ಒಂದು ಚಿನ್ನದ ಬಿಸ್ಕತ್ತನ್ನು ಮರಳಿ ಪಡೆಯಲು ರಾಕಿ ಠಾಣೆಗೆ ಬರುತ್ತಾನೆ. ಜೊತೆಗೆ ತಂದಿರುವುದು 'ದೊಡ್ಡಮ್ಮ' ಎಂದು ಅವನ ಕಡೆಯವರು ಕರೆಯುವ ದೈತ್ಯ ಮೆಷಿನ್ ಗನ್. ಠಾಣೆ ಚಿಂದಿಯಾಗುತ್ತದೆ, ಜೀಪುಗಳು ಹಾರಿ ಬೀಳುತ್ತವೆ. ಗುಂಡುಗಳೆಲ್ಲ ಮುಗಿದ ಮೇಲೆ ಕೆಂಪಗೆ ಕಾದ ನಳಿಕೆಗೆ ತುಟಿಯಲ್ಲಿದ್ದ ಸಿಗರೇಟನ್ನು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಧೂಮಪಾನ ಆರೋಗ್ಯಕ್ಕೆ ಹಾನಿಕರ ಎಂದು ಪರದೆಯ ಮೂಲೆಯಲ್ಲಿ ಅಕ್ಷರಗಳು ಮೂಡುತ್ತವೆ. ಇಡೀ ದೃಶ್ಯದಲ್ಲಿ ವಾಸ್ತವಕ್ಕೆ ನಿಷ್ಠವಾಗಿರುವುದು ಅದೊಂದೇ. 2022ರ ಏಪ್ರಿಲ್‌ನಲ್ಲಿ ತೆರೆಕಂಡ 'ಕೆಜಿಎಫ್: ಚಾಪ್ಟರ್ 2' ಬಗ್ಗೆ ನಡೆದ ಜಗಳವೆಲ್ಲ ಒಂದರ್ಥದಲ್ಲಿ ಈ ಸಿಗರೇಟಿನದೇ. ಒಂದು ಕಡೆಯವರು ಇದೆಲ್ಲ ಎಲ್ಲಾದರೂ ಸಾಧ್ಯವೇ ಎಂದು ನಕ್ಕರು. ಇನ್ನೊಂದು ಕಡೆಯವರು ಇಂಥ ಚಿತ್ರಕ್ಕೆ ಬರುವಾಗ ಬುದ್ಧಿಯನ್ನು ಮನೆಯಲ್ಲಿಟ್ಟು ಬನ್ನಿ ಎಂದರು. ಎರಡನೆಯವರು ಚಿತ್ರದ ಪರ ವಹಿಸುತ್ತಿದ್ದೇವೆ ಎಂದುಕೊಂಡರೂ ಮೊದಲನೆಯವರ ಮಾತನ್ನೇ ಒಪ್ಪಿಕೊಂಡಿದ್ದಾರೆ. ವಾಸ್ತವವಲ್ಲದ್ದರಲ್ಲಿ ಬುದ್ಧಿಗೆ ಕೆಲಸವಿಲ್ಲ ಎಂಬುದು ಇಬ್ಬರದೂ ನಂಬಿಕೆ. ನನಗೆ ಅದೇ ತಪ್ಪೆನಿಸುತ್ತದೆ. ಸಾಧ್ಯಾಸಾಧ್ಯದ ಲೆಕ್ಕ ಬಿಟ್ಟ ಮೇಲೂ ಅತಿಶಯದಲ್ಲಿ ಗಟ್ಟಿಯದು ಯಾವುದು, ಪೊಳ್ಳು ಯಾವುದು ಎಂದು ಆರಿಸುವ ಕೆಲಸ ಉಳಿದೇ ಇರುತ್ತದೆ. ಇಂಥ ಚಿತ್ರಗಳ ಸುಖವಿರುವುದು ಆ ಆರಿಸುವಿಕೆಯಲ್ಲೇ.

ಈ ವಿವೇಕ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದ ರನ್ನನ ಕಾವ್ಯದಲ್ಲಿ ವೈಶಂಪಾಯನ ಸರೋವರದೊಳಗೆ ಅಡಗಿ ಕುಳಿತ ದುರ್ಯೋಧನ, ದಡದಲ್ಲಿ ನಿಂತ ಭೀಮನ ಆರ್ಭಟ ಕಿವಿಗೆ ಬಿದ್ದೊಡನೆ ನೀರಿನೊಳಗಿದ್ದೂ ಬೆವರುತ್ತಾನೆ. ನೀರಿನಲ್ಲಿ ಮುಳುಗಿದವನ ಬೆವರು ಯಾರಿಗೆ ಕಂಡಿತು ಎಂದು ಕೇಳಿದವರನ್ನು ಕಾವ್ಯರಸಿಕರ ಸಾಲಿನಲ್ಲಿ ಯಾರೂ ಕೂರಿಸಿಲ್ಲ. ಒಳಗಿನ ಕ್ರೋಧಕ್ಕೆ ಹೊರಗಿನ ತಂಪು ಸಾಲದು ಎಂಬ ಸಂಗತಿಗೆ ಅದಕ್ಕಿಂತ ಕರಾರುವಾಕ್ಕಾದ ಚಿತ್ರ ಸಿಗುವುದಿಲ್ಲ ಎಂಬುದೇ ಅದರ ಸಮರ್ಥನೆ. ಚಿತ್ರದ ನಿರ್ದೇಶಕ ಪ್ರಶಾಂತ್ ನೀಲ್ ರನ್ನನಲ್ಲ, ಅಷ್ಟು ದೂರ ಹೋಗುವ ಧೈರ್ಯ ನನಗಿಲ್ಲ. ಆದರೆ ಆ ಕಾದ ನಳಿಕೆ ಮಾಡುವ ಕೆಲಸ ಈ ಜಾತಿಯದೇ. ಲೋಕದ ಚಿನ್ನವನ್ನೆಲ್ಲ ತಾಯಿಗೆ ತಂದೊಪ್ಪಿಸುತ್ತೇನೆಂದು ಮಾತು ಕೊಟ್ಟವನಿಗೆ 'ಎಲ್ಲ' ಎಂದರೆ ಎಲ್ಲವೂ. ಒಂದು ಬಿಸ್ಕತ್ತು ಕಡಿಮೆಯಾದರೂ ಮಾತು ಮುರಿದಂತೆ. ಅಷ್ಟು ಚಿಕ್ಕ ವಸ್ತುವಿಗೆ ಅಷ್ಟು ದೊಡ್ಡ ಆಯುಧ ತರುವ ಅಸಂಬದ್ಧತೆಯಲ್ಲೇ ಆ ಹಟದ ಅಳತೆ ಸಿಗುತ್ತದೆ. ಅವನು ಉಪಾಯವಾಗಿ ಲಂಚ ಕೊಟ್ಟು ಬಿಡಿಸಿಕೊಂಡಿದ್ದರೆ ಸಂಭಾವ್ಯತೆ ಹೆಚ್ಚುತ್ತಿತ್ತು, ಮನುಷ್ಯ ಕಾಣೆಯಾಗುತ್ತಿದ್ದ.

ಎರಡನೆಯ ಭಾಗಗಳಲ್ಲಿ ಎಲ್ಲವೂ ಹಿಗ್ಗುವುದು ಮಾರುಕಟ್ಟೆಯ ಒತ್ತಡದಿಂದ ಎಂಬ ಮಾತು ನಿಜ. ಮೊದಲ ಭಾಗ ಗೆದ್ದ ಮೇಲೆ ಹಣ ಹೆಚ್ಚುತ್ತದೆ, ಹಣದ ಹಿಂದೆಯೇ ಸ್ಫೋಟಗಳೂ ಹೆಚ್ಚುತ್ತವೆ. ಆದರೆ ಈ ಚಿತ್ರ ಆ ಹಿಗ್ಗುವಿಕೆಗೆ ಕತೆಯೊಳಗೇ ಕಾರಣ ಹುಡುಕಿಕೊಂಡಿದೆ. 2018ರ ಮೊದಲ ಭಾಗದಲ್ಲಿ ಕತೆ ಹೇಳುವವನು ಅನಂತನಾಗ್ ಅಭಿನಯಿಸಿದ ಆನಂದ ಇಂಗಳಗಿ; ಸರ್ಕಾರ ನಿಷೇಧಿಸಿ ಸುಡಿಸಿದ ಪುಸ್ತಕದ ಲೇಖಕ. ಎರಡನೆಯದರಲ್ಲಿ ಆತ ಹಾಸಿಗೆ ಹಿಡಿದಿದ್ದಾನೆ, ಅಪ್ಪನ ಬರಹಗಳನ್ನು ಹಿಡಿದು ಮಗ ವಿಜಯೇಂದ್ರ (ಪ್ರಕಾಶ್ ರಾಜ್) ಮುಂದುವರಿಸುತ್ತಾನೆ. ಅಂದರೆ ನಾವು ನೋಡುತ್ತಿರುವುದು ನಡೆದದ್ದನ್ನಲ್ಲ, ಒಬ್ಬ ಆರಾಧಕ ಬರೆದದ್ದನ್ನು ಇನ್ನೊಬ್ಬ ಓದಿ ಹೇಳುವುದನ್ನು. ಎರಡನೆಯ ಬಾಯಿಗೆ ಬಂದ ದಂತಕತೆ ಬೆಳೆಯದೆ ಇರುತ್ತದೆಯೇ? ಕಾರುಗಳ ಬೆನ್ನಟ್ಟುವ ಭಾಗದಲ್ಲಿ ಪರದೆ ಮತ್ತೆ ಮತ್ತೆ ಕಪ್ಪಾಗಿ, ಹೊಡೆತಗಳು ತುಣುಕುತುಣುಕಾಗಿ ಮಿಂಚಿ ಹೋಗುತ್ತವೆ. ಉಜ್ವಲ್ ಕುಲಕರ್ಣಿಯವರ ಈ ಸಂಕಲನ ಕೆಲವರಿಗೆ ಕಣ್ಣುನೋವಾಯಿತು. ನನಗದು ಗಾಳಿಸುದ್ದಿಯ ವ್ಯಾಕರಣದಂತೆ ಕಂಡಿತು. ಹೇಗಾಯಿತೆಂದು ಯಾರೂ ಪೂರ್ತಿ ನೋಡಿಲ್ಲ, ಆದದ್ದು ಮಾತ್ರ ಎಲ್ಲರಿಗೂ ಗೊತ್ತು.

ಹಾಗಾದರೆ ಏನನ್ನು ಬೇಕಾದರೂ ದಂತಕತೆಯ ತಲೆಗೆ ಕಟ್ಟಿ ಪಾರಾಗಬಹುದಲ್ಲ ಎಂಬ ಆಕ್ಷೇಪ ಸಹಜ. ಪಾರಾಗಲಾಗದು ಎಂಬುದಕ್ಕೆ ಇದೇ ಚಿತ್ರದಲ್ಲಿ ಸಾಕ್ಷಿಯಿದೆ. ರಾಕಿ ಸಂಸತ್ತಿಗೆ ನುಗ್ಗಿ ಪ್ರಧಾನಿಯ ಎದುರೇ ರಾಜಕಾರಣಿ ಗುರುಪಾಂಡಿಯನ್‌ನನ್ನು ಕೊಲ್ಲುವ ದೃಶ್ಯ ಠಾಣೆಯ ದೃಶ್ಯಕ್ಕಿಂತ ಎಷ್ಟೋ ದೊಡ್ಡದು, ಆದರೂ ಅರ್ಧದಷ್ಟೂ ತಟ್ಟುವುದಿಲ್ಲ. ಬಿಸ್ಕತ್ತಿನ ಹಿಂದೆ ಬಾಲ್ಯದಿಂದ ಕಟ್ಟಿಕೊಂಡು ಬಂದ ಹಟವಿತ್ತು. ಗುರುಪಾಂಡಿಯನ್‌ನ ದ್ರೋಹವನ್ನೋ ಕೊನೆಗಳಿಗೆಯಲ್ಲಿ ಅವಸರವಾಗಿ ಹೇಳಿ ಮುಗಿಸಲಾಗಿದೆ. ಭಾವ ಬೆಳೆಯುವ ಮೊದಲೇ ಕಟ್ಟಡ ಬೆಳೆದಿದೆ. ರವೀನಾ ಟಂಡನ್ ಅವರ ಪ್ರಧಾನಿ ಕಣ್ಣಲ್ಲೇ ಕೆಂಡ ಕಾರಿದರೂ ಆ ಕೊರತೆ ತುಂಬುವುದಿಲ್ಲ. ಹಾಲಿವುಡ್‌ನ 'ಫಾಸ್ಟ್ ಅಂಡ್ ಫ್ಯೂರಿಯಸ್' ಸರಣಿಗೂ ಇದೇ ಕಾಯಿಲೆ ತಗುಲಿತು. 2001ರಲ್ಲಿ ಬೀದಿ ರೇಸು, ಲಾರಿಗಳಿಂದ ಡಿವಿಡಿ ಪ್ಲೇಯರ್ ಕದಿಯುವವರ ಕತೆಯಾಗಿ ಹುಟ್ಟಿದ್ದು 2021ರ ಒಂಬತ್ತನೆಯ ಭಾಗದ ಹೊತ್ತಿಗೆ ಕಾರನ್ನು ಬಾಹ್ಯಾಕಾಶಕ್ಕೇ ಕಳಿಸಿತು. ನಮಗೆ ಸಾವೇ ಇಲ್ಲವೇನೋ ಎಂದು ಅದರ ಪಾತ್ರವೊಂದು ತಮಾಷೆ ಮಾಡುತ್ತದೆ. ಪ್ರೇಕ್ಷಕರು ನಗುವ ಮೊದಲು ತಾನೇ ನಕ್ಕುಬಿಡುವ ಜಾಣತನ ಅದು, ಆದರೆ ಅಳುಕಿನಿಂದ ಹುಟ್ಟಿದ ಜಾಣತನ. 'ಕೆಜಿಎಫ್' ಒಮ್ಮೆಯೂ ಹೀಗೆ ಕಣ್ಣು ಮಿಟುಕಿಸುವುದಿಲ್ಲ. ಅದರ ಬಡಾಯಿಯನ್ನು ಅದೇ ನಂಬಿದೆ, ಹಾಗಾಗಿ ನಾವೂ ನಂಬುತ್ತೇವೆ.

ಇದಕ್ಕಿಂತ ಭಾರವಾದ ಆಕ್ಷೇಪ ಬೇರೆಯಿದೆ. ಚಿತ್ರಕ್ಕೆ ಹೆಸರು ಕೊಟ್ಟ ಕೋಲಾರದ ಚಿನ್ನದ ಗಣಿಗಳಲ್ಲಿ ಒಂದಾದ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ನಿಜವಾದ ಜನ, ಹೆಚ್ಚಿನವರು ದಲಿತರು. 2001ರಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬಿದ್ದವರೂ ಅವರೇ. ಅವರ ಊರಿನ ಹೆಸರಿಟ್ಟುಕೊಂಡು, ಅವರ ಸಯನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿ, ನರಾಚಿ ಎಂಬ ಇಲ್ಲದ ಗಣಿಯೊಂದನ್ನು ಕಟ್ಟುವುದು ಎಷ್ಟು ಸರಿ? ಕಾಲ್ಪನಿಕ ಕತೆ ಎಂದು ಇದನ್ನು ತಳ್ಳಿಹಾಕಲು ಬಾರದು. ಆದರೆ ವಾಸ್ತವವನ್ನು ಬಿಟ್ಟದ್ದೇ ಅಪರಾಧ ಎಂದೂ ನಾನು ಹೇಳಲಾರೆ. ಬೆರಳಚ್ಚು ಕೊಡಬೇಕೆಂಬ ಆಜ್ಞೆಯ ವಿರುದ್ಧ 1930ರಲ್ಲಿ ಈ ಗಣಿಗಳ ಕಾರ್ಮಿಕರು ಮುಷ್ಕರ ಹೂಡಿದ್ದರು. ಒಬ್ಬ ರಕ್ಷಕನಿಗಾಗಿ ಕಾಯದೆ ಸಾವಿರಾರು ಜನ ಕೆಲಸ ನಿಲ್ಲಿಸಿದ್ದು ರಾಕಿಯ ಯಾವ ಸಾಹಸಕ್ಕೂ ಕಡಿಮೆಯ ಅತಿಶಯವಲ್ಲ. ಚಿತ್ರದ ಗುಲಾಮರಿಗಾದರೋ ರಾಕಿಯನ್ನು ಕಂಡು ಕಣ್ತುಂಬಿಕೊಳ್ಳುವುದು, ಕೂಗುವುದು, ಸಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ನಾಯಕಿ ರೀನಾಳ ಪಾಲಿಗೆ ಬಂದದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಒಬ್ಬನ ಮೇಲೆ ಅಷ್ಟೊಂದು ಉತ್ಪ್ರೇಕ್ಷೆ ಸುರಿದ ಚಿತ್ರ, ನರಾಚಿಯ ಒಬ್ಬ ಕೂಲಿಯವನ ಪಾಲಿಗೂ ಒಂದೇ ಒಂದು ನಂಬಲಾಗದ ಸಾಹಸವನ್ನು ಬಿಟ್ಟುಕೊಟ್ಟಿಲ್ಲ.