ಬಿಟ್ಟ ದೃಶ್ಯದ ಭಾರ

‘ಗೇಮ್ ಆಫ್ ಥ್ರೋನ್ಸ್’ ಸರಣಿ ನೋಡಿದವರೂ ಅದರ ಮೂಲ ಕಾದಂಬರಿಗಳನ್ನು ಓದಿದವರೂ ಒಂದೆಡೆ ಸೇರಿದರೆ ಮಾತು ಟೈಶಾಳ ಹತ್ತಿರ ಬಂದೇ ಬರುತ್ತದೆ. ಕಾದಂಬರಿಯಲ್ಲಾಗಲಿ ಸರಣಿಯಲ್ಲಾಗಲಿ ಆಕೆ ಒಮ್ಮೆಯೂ ಎದುರಿಗೆ ಬರುವುದಿಲ್ಲ. ಟಿರಿಯನ್ ಲ್ಯಾನಿಸ್ಟರ್ 13ನೇ ವಯಸ್ಸಿನಲ್ಲಿ ಗುಟ್ಟಾಗಿ ಮದುವೆಯಾಗಿದ್ದ ಹುಡುಗಿ ಅವಳು. ವಿಷಯ ಅಪ್ಪ ಟೈವಿನ್‌ಗೆ ಗೊತ್ತಾಯಿತು. ಅವಳು ವೇಶ್ಯೆ, ತಮ್ಮನಿಗಾಗಿ ನಾನೇ ದುಡ್ಡು ಕೊಟ್ಟು ಕರೆತಂದಿದ್ದೆ ಎಂದು ಅಣ್ಣ ಜೇಮಿ ಹೇಳಿದ. ಅಪ್ಪ ಅವಳನ್ನು ಕಾವಲುಭಟರ ಕೈಗೊಪ್ಪಿಸಿದ. ಟಿರಿಯನ್ ಜೀವಮಾನವಿಡೀ ಹೊತ್ತು ತಿರುಗುವ ಗಾಯ ಇದು.

ಮೂರನೇ ಕಾದಂಬರಿ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ ಬಂದದ್ದು 2000ದಲ್ಲಿ. ಅದು ಮುಗಿಯುವ ಹೊತ್ತಿಗೆ ಟಿರಿಯನ್ ಸೆರೆಯಲ್ಲಿದ್ದಾನೆ, ಬೆಳಗಾದರೆ ತಲೆ ಹೋಗುತ್ತದೆ. ಜೇಮಿ ರಾತ್ರೋರಾತ್ರಿ ಬಂದು ಬಿಡಿಸುತ್ತಾನೆ. ಬೀಳ್ಕೊಡುವ ಮುಂಚೆ ಹಳೆಯ ಸುಳ್ಳನ್ನು ಬಾಯಿಬಿಡುತ್ತಾನೆ. ಟೈಶಾ ವೇಶ್ಯೆಯಲ್ಲ, ದಾರಿಯಲ್ಲಿ ಸಿಕ್ಕ ಬಡ ರೈತನ ಮಗಳು ಅಷ್ಟೆ. ಅಪ್ಪ ಹೇಳಿಸಿದ ಸುಳ್ಳನ್ನು ತಾನು ಹೇಳಿದೆ. ಟಿರಿಯನ್ ಅಣ್ಣನ ಮುಖಕ್ಕೆ ಹೊಡೆಯುತ್ತಾನೆ. ಅಣ್ಣನಿಗೆ ನೋವಾಗಲೆಂದೇ, ಅವನ ಅವಳಿ ಸೋದರಿಯೂ ಪ್ರೇಯಸಿಯೂ ಆದ ಸರ್ಸೀಯಲ್ಲಿ ಅವನಿಗೆ ಹುಟ್ಟಿದ ಜಾಫ್ರಿಯನ್ನು ಕೊಂದದ್ದು ನಾನೇ ಎಂದು ಸುಳ್ಳಾಡುತ್ತಾನೆ. ಸರ್ಸೀ ಯಾರ್‍ಯಾರ ಜೊತೆ ಮಲಗುತ್ತಾಳೆಂಬ ನಿಜವನ್ನೂ ಚುಚ್ಚಿ ಹೇಳುತ್ತಾನೆ. ಆಮೇಲೆ ಗುಪ್ತದಾರಿ ಹಿಡಿದು ಅಪ್ಪನ ಕೋಣೆಗೆ ಏರುತ್ತಾನೆ. ಅವನು ಹೋಗುವುದು ಒಂದೇ ಪ್ರಶ್ನೆ ಕೇಳಲು: ಟೈಶಾ ಎಲ್ಲಿ ಹೋದಳು? ಅಪ್ಪ ಕೊಟ್ಟ ಉತ್ತರಕ್ಕೆ ಬಾಣ ಬಿಡುತ್ತಾನೆ.

2014ರ ಜೂನ್‌ನಲ್ಲಿ ಬಂದ ನಾಲ್ಕನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಜೇಮಿ ತಮ್ಮನನ್ನು ಬಿಡಿಸುತ್ತಾನೆ, ಇಬ್ಬರೂ ತಬ್ಬಿಕೊಳ್ಳುತ್ತಾರೆ, ಪ್ರೀತಿಯಿಂದ ಬೇರೆಯಾಗುತ್ತಾರೆ. ತಪ್ಪೊಪ್ಪಿಗೆ ಇಲ್ಲ. ಹಡಗು ಕಾಯುತ್ತಿದೆ, ತಪ್ಪಿಸಿಕೊಳ್ಳಬೇಕಾದವನು ಹಿಂದಕ್ಕೆ ತಿರುಗಿ ಅಪ್ಪನ ಕೋಣೆಗೆ ಹೋಗುತ್ತಾನೆ. ಯಾಕೆ? ಸರಣಿ ಹೇಳುವುದಿಲ್ಲ. ಪೀಟರ್ ಡಿಂಕ್ಲೇಜ್ ಮತ್ತು ಚಾರ್ಲ್ಸ್ ಡಾನ್ಸ್ ಆ ದೃಶ್ಯವನ್ನು ಎಷ್ಟು ಗಟ್ಟಿಯಾಗಿ ನಿಭಾಯಿಸಿದ್ದಾರೆಂದರೆ, ನೋಡುವಾಗ ಆ ಪ್ರಶ್ನೆ ಏಳುವುದೇ ಇಲ್ಲ. ಮಾರನೇ ದಿನ ಏಳುತ್ತದೆ. ಟೈಶಾಳ ಕಥೆಯನ್ನು ಸರಣಿಯೇನೂ ಮರೆತಿರಲಿಲ್ಲ. 2011ರ ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ಟಿರಿಯನ್ ಕುಡಿಯುತ್ತಾ ಕೂತು ಅದನ್ನು ಸಂಗಡಿಗರಾದ ಬ್ರಾನ್‌ಗೂ ಶೇಗೂ ಹೇಳಿದ್ದ. ಬೀಜ ಬಿತ್ತಿ, ಮೂರು ವರ್ಷ ಕಾದು, ಫಸಲು ಕುಯ್ಯದೆ ಬಿಟ್ಟರು.

ಕಾದಂಬರಿ ಓದಿ ಸರಣಿ ನೋಡುವ ನಮ್ಮಂಥವರ ಮಾತುಕತೆ ಬಹುಪಾಲು ಪಟ್ಟಿಯಲ್ಲೇ ಮುಗಿದುಹೋಗುತ್ತದೆ. ಸತ್ತು ಮತ್ತೆ ಎದ್ದು ಬರುವ ಲೇಡಿ ಸ್ಟೋನ್‌ಹಾರ್ಟ್ ಇಲ್ಲ, ಯಂಗ್ ಗ್ರಿಫ್ ಇಲ್ಲ, ಇಂಥವನ ಕಣ್ಣಿನ ಬಣ್ಣ ಬೇರೆ. ಇಂಥ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕಾದಂಬರಿಗಳ ಲೇಖಕ ಜಾರ್ಜ್ ಆರ್. ಆರ್. ಮಾರ್ಟಿನ್ 1980ರ ದಶಕದಲ್ಲಿ ‘ದಿ ಟ್ವೈಲೈಟ್ ಝೋನ್’, ‘ಬ್ಯೂಟಿ ಅಂಡ್ ದಿ ಬೀಸ್ಟ್’ ಸರಣಿಗಳಿಗೆ ಬರೆದವರು. ಇಷ್ಟು ದುಡ್ಡಿಲ್ಲ, ಇಷ್ಟು ಕುದುರೆ ಬೇಡ, ಇಷ್ಟು ಪುಟ ಕತ್ತರಿಸಿ ಎಂಬ ಮಾತು ಕೇಳಿ ಕೇಳಿ ಸಾಕಾಗಿ, ಯಾವ ಬಜೆಟ್ಟಿಗೂ ನಿಲುಕದ ಕಾದಂಬರಿ ಬರೆಯಲು ಕೂತರು. ಅದನ್ನೇ ವರ್ಷಕ್ಕೆ 10 ಕಂತಿನ ಅಳತೆಗೆ ಇಳಿಸಬೇಕೆಂದರೆ ಬಿಡದೆ ವಿಧಿಯಿಲ್ಲ. ನೋಡಬೇಕಾದದ್ದು ಬಿಟ್ಟದ್ದರ ಭಾರ ಆಮೇಲೆ ಯಾರ ಹೆಗಲಿಗೆ ಬಿತ್ತು ಎಂಬುದನ್ನು.

ಸೇರಿಸಿದ್ದಕ್ಕೂ ಇದೇ ಮಾತು ಸಲ್ಲುತ್ತದೆ. ಮೊದಲ ಕಾದಂಬರಿಯನ್ನು, ಆರಂಭದ ಪುಟ್ಟ ಪ್ರಸ್ತಾವನೆ ಬಿಟ್ಟರೆ, ಮಾರ್ಟಿನ್ 8 ಜನರ ಕಣ್ಣಿನಿಂದಷ್ಟೇ ಹೇಳಿದ್ದಾರೆ. ದೊರೆ ರಾಬರ್ಟ್ ಅವರಲ್ಲಿಲ್ಲ, ರಾಣಿ ಸರ್ಸೀಯೂ ಇಲ್ಲ. ಅವರಿಬ್ಬರೇ ಇರುವ ಕೋಣೆಗೆ ಓದುಗನಿಗೆ ಪ್ರವೇಶವೇ ಇಲ್ಲ. ಸರಣಿಯ ಐದನೇ ಕಂತಿನಲ್ಲಿ ಆ ಬಾಗಿಲು ತೆರೆಯುತ್ತದೆ. ಮೊದಲ ಸೀಸನ್ನಿನ ಕೆಲವು ಕಂತುಗಳು ಬೇಕಾದ ಅವಧಿಗಿಂತ ಚಿಕ್ಕದಾಗಿಬಿಟ್ಟವೆಂದು ಸರಣಿಯ ನಿರ್ಮಾತೃಗಳಾದ ಡೇವಿಡ್ ಬೆನಿಯಾಫ್ ಮತ್ತು ಡಿ. ಬಿ. ವೈಸ್ ಹೊಸ ದೃಶ್ಯಗಳನ್ನು ಬರೆದು ಸೇರಿಸಿದರು; ಇದು ಅವುಗಳಲ್ಲೊಂದು. ಹೆಚ್ಚು ಖರ್ಚಿಲ್ಲ: ಒಂದು ಕೋಣೆ, ಎರಡು ಕುರ್ಚಿ, ಮದ್ಯ, ಮಾರ್ಕ್ ಆಡಿ, ಲೀನಾ ಹೀಡಿ. ರಾಜ್ಯವನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಏನು ಎಂದು ಗಂಡಹೆಂಡಿರು ಮಾತಾಡುತ್ತಾರೆ. ಹಲವು ಸೇನೆ ದೊಡ್ಡದೋ ಒಂದು ಸೇನೆ ದೊಡ್ಡದೋ ಎಂಬುದನ್ನು ರಾಬರ್ಟ್ ಬೆರಳು ಬಿಡಿಸಿ, ಮುಷ್ಟಿ ಕಟ್ಟಿ ತೋರಿಸುತ್ತಾನೆ. ಆಮೇಲೆ ಮಾತು ಮೆಲ್ಲಗೆ ಲಿಯಾನಾಳತ್ತ ಹೊರಳುತ್ತದೆ, ಅವನು ಯಾರಿಗಾಗಿ ಯುದ್ಧವನ್ನೇ ಮಾಡಿದನೋ ಆ ಹೆಣ್ಣಿನತ್ತ. ಅವಳ ಮುಖವೇ ನೆನಪಿಲ್ಲ ಎನ್ನುತ್ತಾನೆ. ನಮ್ಮಿಬ್ಬರ ಮಧ್ಯೆ ಎಂದಾದರೂ ಏನಾದರೂ ಸಾಧ್ಯವಿತ್ತೇ ಎಂದು ಸರ್ಸೀ ಕೇಳುತ್ತಾಳೆ. ಇಲ್ಲ ಎನ್ನುತ್ತಾನೆ.

ಕಟ್ಟಾ ಓದುಗರೂ ಈ ದೃಶ್ಯವನ್ನು ಎದೆಗಪ್ಪಿಕೊಂಡರು. ಕಾದಂಬರಿಯಲ್ಲಿ ಇದರ ಒಂದು ಸಾಲೂ ಇಲ್ಲ, ಆದರೆ ಕಾದಂಬರಿ ಹೇಳಿದ ಯಾವುದನ್ನೂ ಇದು ಅಲ್ಲಗಳೆಯುವುದಿಲ್ಲ. ಅಲ್ಲಿ ಮುಚ್ಚಿದ್ದ ಬಾಗಿಲ ಹಿಂದೆ ನಡೆದಿರಲೇಬೇಕಾದ ಮಾತಿನಂತಿದೆ. ನಮ್ಮ ತಾಳಮದ್ದಲೆಯ ಕೇಳುಗರಿಗೆ ಇದು ಚೆನ್ನಾಗಿ ಗೊತ್ತು. ಭಾಗವತರು ಹಾಡುವ ಪದ್ಯ ನಾಲ್ಕೇ ಸಾಲು, ಅದರ ಮೇಲೆ ಅರ್ಥಧಾರಿಯ ಮಾತು ಅರ್ಧ ಗಂಟೆ. ಪದ್ಯದಲ್ಲಿಲ್ಲದ್ದನ್ನು ಆಡಿದನೆಂದು ಯಾರೂ ಆಕ್ಷೇಪಿಸುವುದಿಲ್ಲ. ಆ ಮಾತು ಆ ಪಾತ್ರದ ಬಾಯಿಂದ ಬರಬಹುದಾದದ್ದೇ ಎಂಬುದಷ್ಟೇ ಅಲ್ಲಿನ ತಕರಾರು.

ಈ ಓದುಗರ ಬಳಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂರನೇ ಕಾದಂಬರಿಯ ಮದುವೆಮನೆಯ ಹತ್ಯಾಕಾಂಡ, ಎಲ್ಲರೂ ‘ರೆಡ್ ವೆಡ್ಡಿಂಗ್’ ಎನ್ನುವ ಘಟನೆ, 2000ದಿಂದಲೂ ಅವರಿಗೆ ಗೊತ್ತಿತ್ತು. ಸರಣಿಯಲ್ಲಿ ಅದು ಬಂದದ್ದು 2013ರ ಜೂನ್ 2ರಂದು. ಮನೆಯಲ್ಲಿ ಪಕ್ಕದಲ್ಲೇ ಕೂತು ನೋಡುವ ಗಂಡನಿಗೆ, ತಂಗಿಗೆ, ಸ್ನೇಹಿತರಿಗೆ ಅವರು ಮುಂಚೆ ಬಾಯಿಬಿಡಲಿಲ್ಲ. ಅಲ್ಲಿ ಸಾಯಲಿರುವ ರಾಬ್ ಸ್ಟಾರ್ಕ್ ನಿನ್ನ ಮೆಚ್ಚಿನವನೇ ಎಂದು ಯಾರಾದರೂ ಕೇಳಿದರೆ ಸುಮ್ಮನೆ ತಲೆಯಾಡಿಸಿದರು. ಗುಟ್ಟು ಗೊತ್ತಿದ್ದವರು ಅಷ್ಟು ಜನರಿದ್ದೂ, ಗೊತ್ತಿಲ್ಲದವರಲ್ಲಿ ಅಷ್ಟೊಂದು ಮಂದಿ ಆ ರಾತ್ರಿ ನಿಜವಾಗಿಯೇ ಬೆಚ್ಚಿಬಿದ್ದರು. ಕಥೆಯನ್ನು ಇನ್ನೊಬ್ಬರಿಗಾಗಿ ಕಾದಿಡುವ ಇಂಥ ಸೌಜನ್ಯವನ್ನು ನಾನು ಬೇರೆ ಯಾವ ಅಭಿಮಾನಿ ಬಳಗದಲ್ಲೂ ಕಂಡಿಲ್ಲ.

2016ರಲ್ಲಿ ಪರಿಸ್ಥಿತಿ ಬದಲಾಯಿತು. ಆರನೇ ಕಾದಂಬರಿ ಬರುವ ಮೊದಲೇ ಆರನೇ ಸೀಸನ್ ಬಂತು. ಹೋಡೋರ್ ಎಂಬ ಹೆಸರಿನ ಹಿಂದಿನ ಕಥೆಯನ್ನು ಓದಿದವರೂ ಓದದವರೂ ಒಂದೇ ಹೊತ್ತಿಗೆ ತಿಳಿದುಕೊಂಡರು. ಮುಂದಿನ ಸೀಸನ್‌ಗಳನ್ನು ಬೆಂಗಳೂರಿನಲ್ಲಿ ಎಷ್ಟೋ ಜನ ಸೋಮವಾರ ಬೆಳಿಗ್ಗೆ 6.30ಕ್ಕೆ ಎದ್ದು ಹಾಟ್‌ಸ್ಟಾರ್ ಹಚ್ಚಿ, ನೋಡಿಕೊಂಡೇ ಆಫೀಸಿಗೆ ಹೊರಟರು. ಮಧ್ಯಾಹ್ನದ ಊಟದ ಮೇಜಿನಲ್ಲಿ ಓದಿದವರಿಗೆ ಇನ್ನು ಯಾವ ಹೆಚ್ಚುಗಾರಿಕೆಯೂ ಉಳಿದಿರಲಿಲ್ಲ.

ಈಗ ಜೇಮಿಯ ಹಿಂದೆ ಹೋಗೋಣ, ಟೈಶಾಳ ಭಾರ ಬಿದ್ದದ್ದು ಅವನ ಮೇಲೆ. ನಾಲ್ಕನೇ ಕಾದಂಬರಿಯಲ್ಲಿ ತಮ್ಮ ಚುಚ್ಚಿ ಹೇಳಿದ ಮಾತು ಅವನನ್ನು ಬಿಡುವುದೇ ಇಲ್ಲ. ಸರ್ಸೀಯನ್ನು ನೋಡಿದಾಗಲೆಲ್ಲ ಅದು ಕಿವಿಯಲ್ಲಿ ಮೊಳಗುತ್ತದೆ. ಜೇಮಿ ಸ್ವಲ್ಪ ಸ್ವಲ್ಪವಾಗಿ ಅವಳಿಂದ ಕಳಚಿಕೊಳ್ಳುತ್ತಾನೆ. ರಿವರ್‌ರನ್ ಕೋಟೆಯಲ್ಲಿ ಅವನಿರುವಾಗ ಅವಳ ಪತ್ರ ಬರುತ್ತದೆ. ಪ್ರಾಣಕ್ಕೆ ಬಂದಿದೆ, ಬಂದು ಉಳಿಸು ಎಂಬ ಮೊರೆ. ಓದಿ, ಒಲೆಗೆ ಹಾಕಿಸುತ್ತಾನೆ. ಸರಣಿಯ ಜೇಮಿಯೂ 2016ರಲ್ಲಿ ಅದೇ ರಿವರ್‌ರನ್ನಿಗೆ ಬರುತ್ತಾನೆ. ಅಲ್ಲಿ ಸೆರೆಯಾಳು ಎಡ್ಮ್ಯೂರ್‌ಗೆ ಹೇಳುವುದು ಏನು? ನನಗೆ ಸರ್ಸೀ ಒಬ್ಬಳೇ ಮುಖ್ಯ, ಅವಳ ಬಳಿಗೆ ಹಿಂದಿರುಗಲು ನಿಮ್ಮ ವಂಶವನ್ನೇ ತೆಗೆಯಬೇಕಾದರೂ ತೆಗೆಯುತ್ತೇನೆ ಎಂದು. ಊರು ಅದೇ, ಕೋಟೆ ಅದೇ, ಒಬ್ಬ ಜೇಮಿ ಪೂರ್ವಕ್ಕೆ, ಇನ್ನೊಬ್ಬ ಪಶ್ಚಿಮಕ್ಕೆ. 2019ರಲ್ಲಿ ಸರ್ಸೀಯ ಜೊತೆಗೇ ಅರಮನೆಯ ನೆಲಮಾಳಿಗೆಯಲ್ಲಿ ಅವನು ಸಾಯುವುದನ್ನು ಕಂಡು ಅಭಿಮಾನಿಗಳು ಕೆಂಡಾಮಂಡಲವಾದರು. ಇಷ್ಟು ವರ್ಷ ಮಾಗಿದ್ದೆಲ್ಲ ನೀರಲ್ಲಿ ಹೋಮ ಆಯಿತೆಂದರು. ಆ ಕೋಪದಲ್ಲಿ ನ್ಯಾಯವಿದೆ. ಆದರೆ ಕೊನೆಯ ಸೀಸನ್ನನ್ನು ಬಯ್ಯುವವರು ಐದು ವರ್ಷ ಹಿಂದಕ್ಕೆ ಹೋಗಿ ಆ ಸೆರೆಮನೆಯ ಅಪ್ಪುಗೆಯನ್ನು ನೋಡಬೇಕು. ಸರ್ಸೀಯ ಕೈ ಬಿಡಲು ಜೇಮಿಗೆ ಇದ್ದ ಅತಿ ದೊಡ್ಡ ಕಾರಣವನ್ನು ತೆಗೆದದ್ದು ಅಲ್ಲಿ.

ರಾಬರ್ಟ್ ಜೋರ್ಡನ್ ಅವರ ‘ದಿ ವೀಲ್ ಆಫ್ ಟೈಮ್’ ಓದುಗರಿಗೆ ಇದರ ಇನ್ನೊಂದು ಮುಖ ಗೊತ್ತು. 14 ಸಂಪುಟಗಳ ಆ ಕಥೆ ಪ್ರೈಮ್ ವಿಡಿಯೊದಲ್ಲಿ 2021ರಲ್ಲಿ ಶುರುವಾಗಿ ಮೂರು ಸೀಸನ್ನಿಗೆ ನಿಂತಿತು. ಅಲ್ಲಿನ ಪೆರಿನ್ ದೈತ್ಯದೇಹದ ಕಮ್ಮಾರ ಹುಡುಗ, ತನ್ನ ತೋಳಿನ ಬಲಕ್ಕೆ ತಾನೇ ಹೆದರುವವನು. ಕಾದಂಬರಿಯಲ್ಲಿ ಆ ಹೆದರಿಕೆ ಅವನ ಮನಸ್ಸಿನೊಳಗೆ ಓಡುತ್ತಿರುತ್ತದೆ. ಕ್ಯಾಮೆರಾಕ್ಕೆ ಮನಸ್ಸು ಕಾಣುವುದಿಲ್ಲವೆಂದು ಸರಣಿಯವರು ಅವನಿಗೊಬ್ಬ ಹೆಂಡತಿಯನ್ನು ಕೊಟ್ಟು, ಮೊದಲ ಕಂತಿನ ಹೋರಾಟದ ಗದ್ದಲದಲ್ಲಿ ಅವನ ಕೊಡಲಿಯಿಂದಲೇ ಅವಳನ್ನು ಕೊಲ್ಲಿಸಿದರು. ಉದ್ದೇಶ ಅರ್ಥವಾಗುತ್ತದೆ. ಆದರೆ ಕೈಯಾರೆ ಹೆಂಡತಿಯನ್ನು ಕೊಂದವನು ಮಾರನೇ ದಿನ ಗೆಳೆಯರ ಜೊತೆ ಕುದುರೆ ಏರಿ ಹೊರಡಬೇಕು, ಕಥೆಗೆ ಅಳಲು ಪುರುಸೊತ್ತಿಲ್ಲ. ಅಷ್ಟು ದೊಡ್ಡ ದುಃಖವನ್ನು ತಂದಿಟ್ಟ ಮೇಲೆ ಅದಕ್ಕೆ ಜಾಗ ಕೊಡಲೇಬೇಕಿತ್ತು.

ಅದೇ ತಂಡ 2025ರಲ್ಲಿ, ಮೂರನೇ ಸೀಸನ್ನಿನ ನಾಲ್ಕನೇ ಕಂತಿನಲ್ಲಿ ರುಯಿಡಿಯನ್ ಪ್ರಸಂಗವನ್ನು ತೆರೆಗೆ ತಂದಾಗ ಜಗಳಗಂಟ ಓದುಗರೂ ಬಾಯಿ ಮುಚ್ಚಿಕೊಂಡು ನೋಡಿದರು. ಗಾಜಿನ ಕಂಬಗಳ ನಡುವೆ ಕಥಾನಾಯಕ ರಾಂಡ್ ಒಂದೊಂದೇ ಹೆಜ್ಜೆ ಇಡುತ್ತಾನೆ; ಒಂದೊಂದು ಹೆಜ್ಜೆಗೂ ಒಬ್ಬ ಪೂರ್ವಜನ ಬದುಕು, ಕಾಲ ಹಿಂದು ಹಿಂದಕ್ಕೆ. ಈಟಿಯೇ ಪ್ರಾಣವೆಂದು ಬದುಕುವ ಜನ ಒಂದು ಕಾಲದಲ್ಲಿ ಆಯುಧ ಮುಟ್ಟೆವು ಎಂದು ಆಣೆಯಿಟ್ಟವರು ಎಂಬ ನಿಜ ಹಾಗೆ ಮೆಲ್ಲಗೆ ಬಿಚ್ಚಿಕೊಳ್ಳುತ್ತದೆ. ಈ ಹಿಮ್ಮುಖ ಕ್ರಮವನ್ನು ಸರಣಿ ಹಾಗೇ ಉಳಿಸಿಕೊಂಡಿತು. ಮೇಲೆ ಒಂದನ್ನು ಕೂಡಿಸಿತು: ಆ ಪೂರ್ವಜರನ್ನೂ ರಾಂಡ್ ಪಾತ್ರಧಾರಿ ಜೋಶಾ ಸ್ಟ್ರಡೊವ್‌ಸ್ಕಿಯೇ ಆಡಿದ. ಕಾದಂಬರಿಯಲ್ಲಿ ಹೊಸ ಹೆಸರು ಬಂದಾಗಲೆಲ್ಲ ಇವನು ಯಾರ ಮಗ, ಯಾರ ಅಜ್ಜ ಎಂದು ಹಿಂದಿನ ಪುಟ ತಿರುವಬೇಕಿತ್ತು. ಇಲ್ಲಿ ಮುಖವೇ ವಂಶಾವಳಿ ಹೇಳುತ್ತದೆ. ಕಾದಂಬರಿಗೆ ಸಾಧ್ಯವಿಲ್ಲದ್ದನ್ನು ಕಾದಂಬರಿಗಾಗಿಯೇ ಮಾಡಿದ ಕೆಲಸ ಅದು.

ಬಿಟ್ಟದ್ದರ ಭಾರದ ಬಗ್ಗೆ ಎಲ್ಲರಿಗಿಂತ ಸ್ಪಷ್ಟವಾಗಿ ಮಾತಾಡಿದವರು ಸ್ವತಃ ಮಾರ್ಟಿನ್. ‘ಹೌಸ್ ಆಫ್ ದಿ ಡ್ರ್ಯಾಗನ್’ ಸರಣಿಯಲ್ಲಿ ಮೇಲರ್ ಎಂಬ ಎರಡು ವರ್ಷದ ರಾಜಕುಮಾರನನ್ನು ಕೈಬಿಟ್ಟಿದ್ದಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಅವರು ತಮ್ಮ ಬೇಸರವನ್ನು ಬಹಿರಂಗವಾಗಿ ಬರೆದರು. ಸ್ವಲ್ಪ ಹೊತ್ತಿಗೇ ಆ ಬರಹವನ್ನು ತೆಗೆದೂ ಬಿಟ್ಟರು. ಅಷ್ಟು ಸಣ್ಣ ಮಗುವನ್ನು ಇಟ್ಟುಕೊಂಡು ಚಿತ್ರೀಕರಿಸುವುದು ಕಷ್ಟ, ಖರ್ಚೂ ಹೆಚ್ಚು ಎಂಬುದು ಸರಣಿಯವರ ಕಾರಣ. ಮಾರ್ಟಿನ್ ಹೇಳಿದ್ದು, ಈ ಮಗು ಇಲ್ಲದಿದ್ದರೆ ಮುಂದೆ ಇಂಥಿಂಥದೆಲ್ಲ ನಡೆಯಲಾರದು ಎಂದು.

ಈ ಬಗ್ಗೆ ಅಭಿಮಾನಿಗಳಲ್ಲಿ ಎರಡು ಪಕ್ಷ. ಈ ಸರಣಿಗೆ ಮೂಲವಾದ ‘ಫೈರ್ ಅಂಡ್ ಬ್ಲಡ್’ 2018ರಲ್ಲಿ ಬಂದ ಮಾರ್ಟಿನ್ ಅವರ ಪುಸ್ತಕ, ಇತಿಹಾಸ ಗ್ರಂಥದ ರೂಪದಲ್ಲಿದೆ. ಆ ಕಲ್ಪಿತ ಇತಿಹಾಸಕಾರ ಆಸ್ಥಾನದ ವಿದೂಷಕ ಮಶ್ರೂಮ್ ಹೇಳಿದ್ದು ಒಂದು, ಪುರೋಹಿತ ಯೂಸ್ಟಸ್ ಬರೆದದ್ದು ಇನ್ನೊಂದು ಎಂದು ಮುಂದಿಟ್ಟು ತಾನು ತೂಗುತ್ತಾ ಹೋಗುತ್ತಾನೆ. ಪುಸ್ತಕವೇ ಇದಮಿತ್ಥಂ ಎನ್ನದಿರುವಾಗ ಸರಣಿ ಇನ್ನೊಂದು ಪಾಠ ಕೊಟ್ಟರೆ ತಪ್ಪೇನು ಎಂಬುದು ಒಂದು ಪಕ್ಷದ ವಾದ. ಒಳ್ಳೆಯ ವಾದವೇ, ಎಷ್ಟೋ ಕಡೆ ನಾನೂ ಅದನ್ನು ಒಪ್ಪುತ್ತೇನೆ. ಆದರೆ ಮೇಲರ್ ವಿಷಯಕ್ಕೆ ಅದು ಹೊಂದುವುದಿಲ್ಲ. ಆ ಸಾಕ್ಷಿಗಳು ಯಾರು ಯಾರನ್ನು ಪ್ರೀತಿಸಿದರು, ಯಾರು ಯಾಕೆ ಸತ್ತರು ಎಂಬುದರಲ್ಲಿ ಕಚ್ಚಾಡುತ್ತಾರೆ. ಮೇಲರ್ ಎಂಬ ಮಗು ಇತ್ತು ಎಂಬುದರಲ್ಲಿ ಅವರಿಗೆ ಜಗಳವಿಲ್ಲ.

ಪುಸ್ತಕದಲ್ಲಿ ಕೊಲೆಗಡುಕರು ರಾಣಿ ಹೆಲೇನಾಳ ಮುಂದೆ ಅವಳ ಇಬ್ಬರು ಗಂಡುಮಕ್ಕಳನ್ನೂ ನಿಲ್ಲಿಸಿ, ಯಾರು ಸಾಯಬೇಕು ನೀನೇ ಹೇಳು ಎನ್ನುತ್ತಾರೆ. ಅವಳು ಚಿಕ್ಕವನಾದ ಮೇಲರ್ ಹೆಸರು ಹೇಳುತ್ತಾಳೆ. ಅವರು ದೊಡ್ಡವನನ್ನು ಕೊಲ್ಲುತ್ತಾರೆ. ಅಂದಿನಿಂದ ಅವಳಿಗೆ ಉಳಿದ ಮಗನ ಮುಖ ನೋಡಲಾಗುವುದಿಲ್ಲ. ಸರಣಿಯಲ್ಲಿ ಇರುವುದು ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು; ಗಂಡು ಯಾವುದು ತೋರಿಸು ಎಂಬುದಷ್ಟೇ ಪ್ರಶ್ನೆ, ತೋರಿಸುತ್ತಾಳೆ. ಫಿಯಾ ಸಬಾನ್ ಆ ಕ್ಷಣವನ್ನು ಚೆನ್ನಾಗಿಯೇ ಅಭಿನಯಿಸಿದ್ದಾಳೆ. ಆದರೆ ಆಮೇಲಿನ ಕಂತುಗಳಲ್ಲಿ ಅವಳ ಕಣ್ಣೆದುರು ಓಡಾಡುತ್ತಾ, ಸಾವಿಗೆ ಹೆಸರಿಸಿದ್ದು ನನ್ನನ್ನೇ ಎಂದು ದಿನಾ ನೆನಪಿಸಬೇಕಾದ ಮಗುವೇ ಇಲ್ಲ. ‘ಫೈರ್ ಅಂಡ್ ಬ್ಲಡ್’ ಪುಸ್ತಕದಲ್ಲಿ ಆ ರಾತ್ರಿಯ ವಿವರ ಕೆಲವೇ ಪುಟ. ಮೊದಲು ಅದನ್ನು ಓದಿ, ಆಮೇಲೆ ಎರಡನೇ ಸೀಸನ್ನಿನ ಮೊದಲ ಕಂತಿನ ಕೊನೆಯ ಭಾಗ ನೋಡಿ. ನಿಮ್ಮ ಪಕ್ಷ ಯಾವುದೆಂದು ನನಗೆ ಬರೆದು ತಿಳಿಸಿ.